ಇಲ್ಲ ಸ್ವಾಮಿ, ಮೈಗೆ ಔಷಧಿ ಒಗ್ಗಿಹೋಗಿಲ್ಲ

ನಾನು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶ ಬೆಳೆಸುವವಳು ಅಂತ ಗೊತ್ತಾದರೆ ಸಾಕು, ಕೇಳುತ್ತಾರೆ: "ಮೊದಲ ಸಲ ಕೀಮೋ ಚೆನ್ನಾಗಿ ಹಿಡೀತು. ಆಮೇಲೆ ಯಾಕೆ ಹಿಡೀಲಿಲ್ಲ? ಮೈಗೆ ಒಗ್ಗಿಹೋಯ್ತಾ?"

ಒಗ್ಗೋದಕ್ಕೆ ಅದೇನು ಬೆಳಗಿನ ಕಾಫಿಯೇ?

ಈಚೆಗೆ ಒಂದು ಮದುವೆಯೂಟದಲ್ಲಿ ಪಕ್ಕದ ಎಲೆಯವರು ಇದನ್ನೇ ಕೇಳಿ, ಉತ್ತರವನ್ನೂ ತಾವೇ ಕೊಟ್ಟರು: "ನಮ್ಮ ಭಾವ ಪಥ್ಯ ಮಾಡಲ್ಲ ನೋಡಿ, ಅದಕ್ಕೇ." ಭಾವನ ಹೆಂಡತಿ, ಅಂದರೆ ಇವರ ಸ್ವಂತ ಅಕ್ಕ, ಎದುರು ಸಾಲಿನಲ್ಲೇ ಕೂತಿದ್ದರು. ತಲೆ ಎತ್ತಲಿಲ್ಲ. ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ನನಗೆ ರೇಗಿಹೋಗಿತ್ತು.

ಡಾಕ್ಸೊರೂಬಿಸಿನ್ ಅನ್ನುವ ಕೆಂಪು ಕೀಮೋ ಔಷಧಿಗೆ ತನ್ನದೇ ಹೊಳಪಿದೆ. ಸಾಮಾನ್ಯ ಗಡ್ಡೆಯ ಜೀವಕೋಶಕ್ಕೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವಿನ ಕೇಂದ್ರ ಕೆಂಡದ ಹಾಗೆ ಕಾಣುತ್ತದೆ. ಕೀಮೋಗೆ ಬಗ್ಗದ ಮೊಂಡು ಜೀವಕೋಶಕ್ಕೆ ಅದನ್ನೇ ಹಾಕಿ: ಮಂಕು. ಒಳಗೆ ಬಂದದ್ದನ್ನು ಬಂದ ಹಾಗೇ ಹೊರಗೆ ಹಾಕಿರುತ್ತದೆ. ಹಾಕುವುದು ಜೀವಕೋಶದ ಹೊರಪೊರೆಯಲ್ಲಿ ಕೂತ ಪಿ-ಗ್ಲೈಕೊಪ್ರೋಟೀನ್, 1280 ಅಮೈನೋ ಆಮ್ಲಗಳ ಒಂದು ಪಂಪು. ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿಕೊಂಡು ನಡೆಯುತ್ತದೆ. 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಅನ್ನುವ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದ್ದು ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ. ಕೀಮೋ ಬಿದ್ದಾಗ ಪಂಪು ಕಡಿಮೆ ಇದ್ದವು ಸಾಯುತ್ತವೆ, ಹೆಚ್ಚು ಇದ್ದವು ಉಳಿದು ಮನೆ ತುಂಬಿಸುತ್ತವೆ. ಕೆಲವು ಜೀವಕೋಶಗಳು ಔಷಧಿ ಬಂದ ಮೇಲೆ ಪಂಪು ಹೆಚ್ಚಿಸಿಕೊಳ್ಳುವುದೂ ಉಂಟು. ಆದರೆ ಮೂತ್ರಪಿಂಡದ ಎಷ್ಟೋ ಗಡ್ಡೆಗಳಲ್ಲಿ ಔಷಧಿಯ ಮುಖ ನೋಡುವ ಮೊದಲೇ ಪಂಪು ಧಾರಾಳ. ಒಗ್ಗಿದ್ದು ಯಾವುದಕ್ಕೆ, ಹೇಳಿ?

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ಇಂಥ ಪಂಪು ನಮ್ಮ ಮೈಯಲ್ಲಿ ಇರುವುದಾದರೂ ಯಾಕೆ? ಕರುಳು, ಪಿತ್ತಜನಕಾಂಗ, ಮಿದುಳಿನ ರಕ್ತನಾಳ, ಎಲ್ಲೆಲ್ಲೂ ಅದು ಕಾವಲಿದೆ. 1994ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ಪಂಪಿಲ್ಲದ ಇಲಿಗಳನ್ನು ಬೆಳೆಸಿದ್ದರು. ನುಸಿ ಹತ್ತಿತೆಂದು ಐವರ್‌ಮೆಕ್ಟಿನ್ ಅನ್ನುವ ನುಸಿ ಔಷಧಿ ಸಿಂಪಡಿಸಿದರೆ ಇಲಿಗಳೇ ಸತ್ತವು. ಔಷಧಿ ಮಿದುಳಿಗೆ ನುಗ್ಗಿತ್ತು. ಗಿಡ, ಸೂಕ್ಷ್ಮಜೀವಿಗಳ ವಿಷದಿಂದ ನಮ್ಮನ್ನು ಕಾಯುವ ಪಂಪು ಇದು. ವಿನ್‌ಕ್ರಿಸ್ಟಿನ್ ಅನ್ನುವ ಇನ್ನೊಂದು ಕೀಮೋ ಔಷಧಿ ಬಂದದ್ದು ಅಂಗಳದ ನಿತ್ಯಪುಷ್ಪದಿಂದ, ಡಾಕ್ಸೊರೂಬಿಸಿನ್ ಮಣ್ಣಿನ ಬ್ಯಾಕ್ಟೀರಿಯಾದಿಂದ. ಪಂಪಿನ ಕಣ್ಣಿಗೆ ಎರಡೂ ವಿಷವೇ. ಒಂದೇ ಪಂಪು ನಾಲ್ಕಾರು ಔಷಧಿ ಒಟ್ಟಿಗೆ ಕೆಡಿಸುವುದು ಹೀಗೆ. ಪ್ಲಾಟಿನಂ ಲೋಹದ ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿಗಳು ಇದರ ಕೈಗೆ ಸಿಗುವುದಿಲ್ಲ.

"ಪಂಪನ್ನೇ ಬಂದ್ ಮಾಡಿದರಾಯ್ತಲ್ಲ?" ಅಂದರು ಪಕ್ಕದವರು, ಮಜ್ಜಿಗೆ ಕಲಸುತ್ತಾ. ಮಾಡಿ ನೋಡಿದ್ದಾರೆ ಸ್ವಾಮಿ. 1981ರಲ್ಲೇ ತ್ಸುರುವೊ ಅನ್ನುವ ವಿಜ್ಞಾನಿ ಬಿಪಿ ಮಾತ್ರೆ ವೆರಾಪಮಿಲ್ ಹಾಕಿ, ಇಲಿಯ ಲುಕೇಮಿಯಾ ಜೀವಕೋಶಗಳಲ್ಲಿ ವಿನ್‌ಕ್ರಿಸ್ಟಿನ್ ಮತ್ತೆ ಹಿಡಿಯುವಂತೆ ಮಾಡಿದರು. ಮನುಷ್ಯರಿಗೆ ಅಷ್ಟು ಕೊಡಹೋದರೆ ಹೃದಯ ತಡೆಯದು. ಆಮೇಲೆ ಬಂದ, ಪಂಪು ತಡೆಯುವ ಔಷಧಿ ವಾಲ್‌ಸ್ಪೊಡಾರ್ ನಮ್ಮ ಒಳ್ಳೆಯ ಅಂಗಗಳ ಕಾವಲನ್ನೂ ನಿಲ್ಲಿಸಿಬಿಟ್ಟಿತು. ಕೀಮೋ ಮೈಯಲ್ಲೇ ಉಳಿಯತೊಡಗಿ ಅದರ ಡೋಸೇ ಇಳಿಸಬೇಕಾಯಿತು. ಸಾಲದ್ದಕ್ಕೆ 1992ರಲ್ಲಿ ಎಂಆರ್‌ಪಿ1 ಅನ್ನುವ ಇನ್ನೊಂದು ಪಂಪು ಸಿಕ್ಕಿತು, 1998ರಲ್ಲಿ ಮತ್ತೊಂದು.

ಪಕ್ಕದವರು ಅಷ್ಟರಲ್ಲಿ ಎದ್ದುಬಿಟ್ಟಿದ್ದರು. ಕೈ ತೊಳೆಯುವಲ್ಲಿ ಅಕ್ಕ ಹತ್ತಿರ ಬಂದರು. "ನಮ್ಮನೆಯವರು ಕೇಳಿದಾಗೆಲ್ಲ ಉಪ್ಪಿನಕಾಯಿ ಹಾಕ್ತಿದ್ದೆ. ಅದಕ್ಕಲ್ಲ ಅಲ್ವಾ?"

ಅಲ್ಲ ಅಕ್ಕ, ಅಂದೆ.