ಮೂಳೆಯ ಪಾಠ ಕೀಲಿನಿಂದ ಶುರುವಾಗಲಿ

ಅನಾಟಮಿ ವಿಭಾಗದಲ್ಲಿ ಮೊದಲ ವರ್ಷದವರಿಗೆ ಮೂಳೆ ಪಾಠ ಮಾಡುವುದು ನನ್ನ ಕೆಲಸ. ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ, ಯಾರೇ ಬರಲಿ, ಹೆಚ್ಚಿನವರು ಹೆಸರುಗಳನ್ನು ಉರು ಹೊಡೆದುಕೊಂಡೇ ಬಂದಿರುತ್ತಾರೆ. ವಯಸ್ಕರ ದೇಹದಲ್ಲಿ 206 ಮೂಳೆ, ತಲೆಬುರುಡೆಯಲ್ಲಿ 22, ಒಂದು ಹಸ್ತದಲ್ಲಿ 27, ಒಂದು ಪಾದದಲ್ಲಿ 26, ಎಲ್ಲ ಪಟಪಟನೆ ಒಪ್ಪಿಸುತ್ತಾರೆ. ಅದೇ ಹುಡುಗರ ಕೈಗೆ ಒಂದು ಹ್ಯೂಮರಸ್, ಅಂದರೆ ತೋಳಿನ ಮೂಳೆ, ಕೊಟ್ಟು ‘ಇದು ಎಡಗಡೆಯದೋ ಬಲಗಡೆಯದೋ?’ ಎಂದರೆ ಮೂಳೆಯನ್ನು ಎರಡು ಸಲ ತಿರುಗಿಸಿ ಪಕ್ಕದವರ ಮುಖ ನೋಡುತ್ತಾರೆ.

ಅದು ಅವರ ದಡ್ಡತನವಲ್ಲ. ಪಾಠದ ಕ್ರಮವೇ ಹಾಗಿದೆ. ಮೊದಲು ಮೂಳೆಗಳ ಅಧ್ಯಾಯ, ಅದು ಮುಗಿದು ಎಷ್ಟೋ ದಿನಕ್ಕೆ ಕೀಲುಗಳ ಅಧ್ಯಾಯ. ಬೇಕಾದಾಗ ತೆಗೆದು ನೋಡುವ ಪುಸ್ತಕಕ್ಕೆ ಆ ಕ್ರಮ ಸರಿ, ಹೊಸದಾಗಿ ಕಲಿಯುವವರಿಗೆ ಸರಿಯಲ್ಲ. ಒಂಟಿ ಮೂಳೆಯ ಮೇಲಿನ ಉಬ್ಬು, ತಗ್ಗು, ಗೆರೆಗಳಿಗೆಲ್ಲ ಹೆಸರಿದೆ. ಆದರೆ ಅವು ಯಾಕಿವೆ ಅನ್ನುವುದು ಪಕ್ಕದ ಮೂಳೆ ಬಂದು ಕೂರುವವರೆಗೆ ಗೊತ್ತಾಗುವುದಿಲ್ಲ. ಹಾಗಾಗಿ ನಾನೀಗ ಮೂಳೆಗಳನ್ನು ಜೋಡಿಯಾಗಿಯೇ ಕೊಡುತ್ತೇನೆ. ಕೂಡಿಸುವುದು ಅವರ ಕೆಲಸ, ಹೆಸರು ಹೇಳುವುದು ಆಮೇಲೆ.

ಸಾಮಾನ್ಯವಾಗಿ ಮೊಣಕೈಯಿಂದ ಶುರು. ಒಂದೇ ಬದಿಯ ಹ್ಯೂಮರಸ್ ಮತ್ತು ಅಲ್ನಾ (ಮುಂಗೈಯಲ್ಲಿ ಕಿರುಬೆರಳ ಕಡೆಯ ಮೂಳೆ) ಮೇಜಿನ ಮೇಲಿಟ್ಟು ‘ಕೂಡಿಸಿ’ ಅನ್ನುತ್ತೇನೆ, ಅಷ್ಟೇ. ಹ್ಯೂಮರಸ್‌ನ ಕೆಳತುದಿಯಲ್ಲಿ ದಾರದ ಉರುಳೆಯ ಹಾಗಿರುವ ಟ್ರಾಕ್ಲಿಯಾ ಇದೆ. ಅಲ್ನಾದ ಮೇಲ್ತುದಿಯ ಬಾಯಿ ಅದನ್ನು ಸರಿಯಾಗಿ ಕಚ್ಚಿಕೊಳ್ಳುವುದು ಒಂದೇ ರೀತಿಯಲ್ಲಿ. ತಲೆಕೆಳಗಾಗಿ ಹಿಡಿದವರು, ಹಿಂದುಮುಂದಾಗಿ ಹಿಡಿದವರು ಯಾರೂ ಹೇಳದೆ ತಿದ್ದಿಕೊಳ್ಳುತ್ತಾರೆ. ಕೂತ ಮೇಲೆ ಮೊಣಕೈಯನ್ನು ಪೂರ್ತಿ ಚಾಚಿದರೆ ಅಲ್ನಾದ ಒಲೆಕ್ರೆನಾನ್, ಅಂದರೆ ಮೊಣಕೈಯ ಚೂಪು ತುದಿ, ಹೋಗಿ ಹ್ಯೂಮರಸ್‌ನ ದೊಡ್ಡ ಗುಳಿಯೊಳಗೆ ನಿಲ್ಲುತ್ತದೆ. ಆ ಗುಳಿ ಇರುವುದು ಹಿಂಬದಿಯಲ್ಲಿ ಎಂದು ಇನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇನ್ನೊಂದು ತುದಿಯ ದುಂಡು ತಲೆ ಮೇಲೆ ಬರಬೇಕು, ದೇಹದ ಒಳಗಡೆಗೆ ಮುಖ ಮಾಡಬೇಕು. ಹಿಂದೆ, ಮೇಲೆ, ಒಳಗೆ, ಈ ಮೂರು ದಿಕ್ಕು ಸಿಕ್ಕವೆಂದರೆ ಎಡ ಬಲ ತಾನಾಗಿ ಬರುತ್ತದೆ. ಆಮೇಲೆ ‘ಪಕ್ಕಕ್ಕೆ ಆಡಿಸಿ ನೋಡಿ’ ಅನ್ನುತ್ತೇನೆ. ಆಡುವುದಿಲ್ಲ. ಬಿಜಾಗರಿ ಕೀಲು ಎಂಬ ಹೆಸರು ನನ್ನ ಬಾಯಿಂದ ಬರುವುದು ಆಗಲೇ.

‘ಹಾಗಾದರೆ ಅಂಗೈ ತಿರುಗುವುದು ಹೇಗೆ ಮೇಡಂ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನಾನೇ ಕೇಳುತ್ತೇನೆ. ಇದಕ್ಕೆ ಮೇಜಿನ ಮೇಲಿನ ಮೂಳೆಗಿಂತ ಸ್ವಂತ ಕೈ ಒಳ್ಳೆಯದು. ಮೊಣಕೈಯ ಚೂಪು ತುದಿಯಿಂದ ಕಿರುಬೆರಳ ಕಡೆಯ ಮಣಿಕಟ್ಟಿನವರೆಗೆ ಅಲ್ನಾದ ಅಂಚು ಚರ್ಮದ ಅಡಿಯಲ್ಲೇ ಸಿಗುತ್ತದೆ. ಅದರ ಮೇಲೆ ಇನ್ನೊಂದು ಕೈಯ ಬೆರಳಿಟ್ಟು ಅಂಗೈ ಮಗುಚಿದರೆ ಬೆರಳ ಅಡಿಯ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಿರುಗುವುದು ಹೆಬ್ಬೆರಳ ಕಡೆಯ ಮೂಳೆ, ರೇಡಿಯಸ್. ಅದು ಅಲ್ನಾವನ್ನು ಅಡ್ಡಹಾಯ್ದು ಹಸ್ತವನ್ನೂ ಜೊತೆಗೆ ಒಯ್ಯುತ್ತದೆ. ಅದಕ್ಕೇ ರೇಡಿಯಸ್‌ನ ತಲೆ ಬಿಲ್ಲೆಯ ಹಾಗೆ ದುಂಡಗಿದೆ, ಅದರ ಸುತ್ತ ಅದನ್ನು ಕಟ್ಟಿಹಿಡಿಯುವ ಆನ್ಯುಲರ್ ಲಿಗಮೆಂಟಿನ ಪಟ್ಟಿ ಇದೆ. ಪುಟ್ಟ ಮಕ್ಕಳ ಕೈ ಹಿಡಿದು ಜಗ್ಗಿ ಎತ್ತಿದಾಗ ಈ ತಲೆ ಆ ಪಟ್ಟಿಯಿಂದ ಸ್ವಲ್ಪ ಜಾರುವುದುಂಟು. ಮಗು ಕೈ ಆಡಿಸಲು ಒಪ್ಪುವುದಿಲ್ಲ, ಎಕ್ಸ್‌ರೇಯಲ್ಲಿ ಮುರಿತವೂ ಕಾಣುವುದಿಲ್ಲ. ಇಷ್ಟು ಹೇಳಿದ ಮೇಲೆ ಆ ಲಿಗಮೆಂಟಿನ ಹೆಸರು ಯಾರಿಗೂ ಮರೆತದ್ದನ್ನು ನಾನು ನೋಡಿಲ್ಲ.

ಭುಜ ಮತ್ತು ಸೊಂಟವನ್ನು ಒಟ್ಟಿಗೇ ತೆಗೆದುಕೊಳ್ಳುತ್ತೇನೆ. ಎರಡೂ ಚೆಂಡು-ಗುಳಿ ಕೀಲುಗಳೇ. ಆದರೆ ತೊಡೆಮೂಳೆಯಾದ ಫೀಮರ್‌ನ ತಲೆಯನ್ನು ಸೊಂಟದ ಮೂಳೆಯ ಗುಳಿಯಲ್ಲಿಟ್ಟರೆ ಅದು ಕೂರುತ್ತದೆ. ಹ್ಯೂಮರಸ್‌ನ ತಲೆಯನ್ನು ಹೆಗಲ ಹಲಗೆಮೂಳೆ ಸ್ಕ್ಯಾಪುಲಾದ ಗ್ಲೀನಾಯ್ಡ್ ಎಂಬ ಗುಳಿಯ ಮೇಲಿಟ್ಟು ಕೈಬಿಟ್ಟರೆ ಬಿದ್ದೇಹೋಗುತ್ತದೆ, ಅಷ್ಟು ಆಳವಿಲ್ಲದ ತಟ್ಟೆ ಅದು. ಹಾಗಾದರೆ ಬದುಕಿರುವವರ ಭುಜ ಯಾಕೆ ಕಳಚುವುದಿಲ್ಲ? ಅಂಚಿನ ಸುತ್ತ ಲೇಬ್ರಮ್ ಎಂಬ ದಿಂಡು ಗುಳಿಯನ್ನು ತುಸು ಆಳ ಮಾಡುತ್ತದೆ. ಮುಖ್ಯ ಕೆಲಸ ಮಾತ್ರ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳದು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೀರಿಸ್ ಮೈನರ್ ಮೂರೂ ಹ್ಯೂಮರಸ್‌ನ ದೊಡ್ಡ ಗಂಟಿಗೆ, ಸಬ್‌ಸ್ಕ್ಯಾಪುಲ್ಯಾರಿಸ್ ಮುಂದಿನ ಚಿಕ್ಕ ಗಂಟಿಗೆ ಅಂಟುತ್ತವೆ. ಕೆಳಗಡೆ ಇವು ಯಾವುವೂ ಇಲ್ಲ. ಭುಜ ತಪ್ಪಿದಾಗ ತಲೆ ಹೆಚ್ಚಾಗಿ ಮುಂದಕ್ಕೆ, ಕೆಳಕ್ಕೆ ಜಾರುವುದಕ್ಕೂ ಇದಕ್ಕೂ ನಂಟಿದೆ. ಅಲ್ಲೇ ಹ್ಯೂಮರಸ್ ಗಂಟುಗಳ ಕೆಳಗೆ ಕಿರಿದಾಗುವ ಸರ್ಜಿಕಲ್ ನೆಕ್ ಸುತ್ತ ಆಕ್ಸಿಲರಿ ನರ ಹಾದುಹೋಗುತ್ತದೆ. ಭುಜ ಕಳಚಿ ಬಂದವರ ತೋಳಿನ ಮೇಲ್ಭಾಗದ ಹೊರಮೈ ಮುಟ್ಟಿ ವೈದ್ಯರು ‘ಗೊತ್ತಾಗುತ್ತಾ?’ ಎಂದು ಕೇಳುವುದು ಆ ನರಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು. ಒಣ ಮೂಳೆಯ ಎರಡು ಗಂಟುಗಳಿಂದ ಹೊರಟು ಇಷ್ಟು ದೂರ ಬರಬಹುದು. ಬರೀ ಪಟ್ಟಿ ಓದಿದರೆ ಎರಡು ಗಂಟು ಎರಡು ಗಂಟಾಗಿಯೇ ಉಳಿಯುತ್ತವೆ.

ಒಣ ಮೂಳೆಗೆ ಒಂದು ದೋಷವಿದೆ, ಅದನ್ನು ಮೊದಲ ತರಗತಿಯಲ್ಲೇ ಹೇಳಿಬಿಡಬೇಕು. ಅದರಲ್ಲಿ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪು ಪದರ, ಇಲ್ಲ. ಕೂಡಿಸಿದ ಮೂಳೆಗಳು ಒಂದಕ್ಕೊಂದು ತಾಗುವುದನ್ನು ಕಂಡ ವಿದ್ಯಾರ್ಥಿ ದೇಹದಲ್ಲೂ ಮೂಳೆಗೆ ಮೂಳೆ ಉಜ್ಜುತ್ತದೆ ಅಂದುಕೊಳ್ಳುತ್ತಾನೆ. ಎಕ್ಸ್‌ರೇಯಲ್ಲಿ ನಡುವೆ ಖಾಲಿ ಜಾಗ ಕಂಡಾಗ ಗಲಿಬಿಲಿಯಾಗುತ್ತಾನೆ. ಆ ಖಾಲಿ ಜಾಗದ ಹೆಚ್ಚು ಪಾಲು ಎಕ್ಸ್‌ರೇಗೆ ಕಾಣದ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ಪೋಷಣೆ ಸಿಗುವುದು ಮುಖ್ಯವಾಗಿ ಕೀಲಿನೊಳಗಿನ ಸೈನೋವಿಯಲ್ ದ್ರವದಿಂದ. ಸವೆದರೆ ಸುಲಭಕ್ಕೆ ಮತ್ತೆ ಬೆಳೆಯದಿರಲು ಅದೂ ಒಂದು ಕಾರಣ. ಮೂಳೆ ಕಲ್ಲಿನಂಥ ಜಡ ವಸ್ತು ಎಂಬ ಭಾವನೆ ಬಿಡಿಸಲು ಹಳೆಯ ಪ್ರಯೋಗವೊಂದಿದೆ: ಮೊಣಕಾಲ ಕೆಳಗಿನ ತೆಳು ಮೂಳೆ ಫಿಬ್ಯುಲಾವನ್ನು ದುರ್ಬಲ ಆಮ್ಲದಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಖನಿಜವೆಲ್ಲ ಕರಗುತ್ತದೆ. ಆಕಾರ ಹಾಗೇ ಇರುತ್ತದೆ, ಆದರೆ ಮೂಳೆಯನ್ನು ಬಗ್ಗಿಸಿ ಗಂಟು ಹಾಕಬಹುದು. ಉಳಿದದ್ದು ಹೆಚ್ಚಾಗಿ ಕೊಲಾಜನ್. ತೂಕದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಖನಿಜ ಅನ್ನುವ ವಾಕ್ಯಕ್ಕಿಂತ ಆ ಗಂಟು ಚೆನ್ನಾಗಿ ನೆನಪಿರುತ್ತದೆ.

ಮೊಣಕಾಲನ್ನು ಬಿಜಾಗರಿ ಕೀಲು ಎಂದು ಬರೆದು ಮುಂದೆ ಹೋಗುವವರನ್ನು ನಾನು ಬಿಡುವುದಿಲ್ಲ. ಫೀಮರ್‌ನ ಕೆಳಗಿನ ಎರಡು ಕಾಂಡೈಲ್‌ಗಳನ್ನು, ಅಂದರೆ ದುಂಡು ಗುಬ್ಬಿಗಳನ್ನು, ಹೆಬ್ಬೆರಳಲ್ಲಿ ಸವರಿದರೆ ಒಳಗಡೆಯದರ ಕೀಲುಮೈ ಉದ್ದ ಎಂದು ಗೊತ್ತಾಗುತ್ತದೆ. ಕಾಲೂರಿ ನಿಂತು ಮೊಣಕಾಲು ನೆಟ್ಟಗೆ ಮಾಡುವಾಗ ಹೊರಗಿನದು ಮೊದಲು ಮುಗಿಯುತ್ತದೆ, ಒಳಗಿನದಕ್ಕೆ ಇನ್ನೂ ದಾರಿ ಉಳಿದಿರುತ್ತದೆ. ಆದ್ದರಿಂದ ಕೊನೆಯಲ್ಲಿ ಫೀಮರ್ ಕೊಂಚ ಒಳಕ್ಕೆ ತಿರುಗಿ ಕೀಲು ಬಿಗಿಯುತ್ತದೆ. ಮಡಿಸಬೇಕಾದರೆ ಮೊದಲು ಪಾಪ್ಲಿಟಿಯಸ್ ಎಂಬ ಸಣ್ಣ ಸ್ನಾಯು ಆ ಬಿಗಿ ಬಿಡಿಸಬೇಕು. ಮೂಳೆಗಳ ನಡುವಿನ ಮೆತ್ತೆಗಳಾದ ಮೆನಿಸ್ಕಸ್‌ಗಳಲ್ಲಿ ಒಳಗಿನದು ಪಕ್ಕದ ಲಿಗಮೆಂಟಿಗೆ ಅಂಟಿಕೊಂಡಿರುವುದರಿಂದ ಸರಿದು ತಪ್ಪಿಸಿಕೊಳ್ಳಲಾರದು, ಹಾಗಾಗಿ ಹರಿಯುವುದೂ ಅದೇ ಹೆಚ್ಚು. ಇನ್ನು ಮಂಡಿಚಿಪ್ಪು. ಚೂಪು ತುದಿ ನಿಮ್ಮಿಂದ ಆಚೆಗೆ ಬರುವಂತೆ, ನುಣುಪು ಮುಖ ಕೆಳಗಾಗಿ ಮೇಜಿನ ಮೇಲಿಟ್ಟು ಬಿಡಿ. ಹೊರಗಿನ ಮುಖ ಅಗಲವಾದ್ದರಿಂದ ಅದು ತನ್ನ ಬದಿಗೇ ವಾಲುತ್ತದೆ. ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ. ವೈವಾದಲ್ಲಿ ಇಷ್ಟು ಸುಲಭದ ಅಂಕ ಬೇರೆ ಇಲ್ಲ.

ಆಡದ, ಅಥವಾ ತೀರ ಸ್ವಲ್ಪ ಆಡುವ ಕೀಲುಗಳನ್ನು ಯಾರೂ ಕೀಲೆಂದು ಲೆಕ್ಕ ಹಿಡಿಯುವುದಿಲ್ಲ. ಬುರುಡೆಯ ಹೊಲಿಗೆಗಳು, ಹಲ್ಲು ದವಡೆಯೊಳಗೆ ಕೂತ ಜಾಗ, ಬೆನ್ನುಮೂಳೆಯ ಡಿಸ್ಕ್, ಎಲ್ಲ ಕೀಲುಗಳೇ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿಯೂ ತಾತ್ಕಾಲಿಕ ಕೀಲು. ಮಗುವಿನ ಎಕ್ಸ್‌ರೇ ಮೊದಲ ಸಲ ನೋಡಿದವರು ಆ ಗೆರೆಯನ್ನು ಮುರಿತ ಅಂದುಕೊಳ್ಳುತ್ತಾರೆ. ಹುಟ್ಟಿದಾಗ 270ಕ್ಕೂ ಹೆಚ್ಚಿರುವ ಮೂಳೆಗಳು ಬೆಸೆಯುತ್ತ ಬೆಸೆಯುತ್ತ 206ಕ್ಕೆ ಬರುವುದು ಇಂಥ ಕೀಲುಗಳು ಮುಚ್ಚಿಹೋಗುವುದರಿಂದ. ಕೊರಳೆಲುಬು ಇದರಲ್ಲಿ ವಿಚಿತ್ರ: ಗರ್ಭದ 5-6ನೇ ವಾರಕ್ಕೇ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ಶುರುಮಾಡುತ್ತದೆ, ಅದರ ಒಳತುದಿ ಬೆಸೆಯುವುದು ಮಾತ್ರ ಇಪ್ಪತ್ತು ದಾಟಿದ ಮೇಲೆ, ಎಲ್ಲಕ್ಕಿಂತ ಕೊನೆಗೆ.

ಬುರುಡೆ ಎತ್ತುವಾಗ ಕಣ್ಣಿನ ಗೂಡಿಗೆ ಬೆರಳು ತೂರಿಸಬೇಡಿ ಎಂದು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಅದರ ಒಳಗೋಡೆ ಕಾಗದದಷ್ಟು ತೆಳು. ಒಂದು ಕಾಲದಲ್ಲಿ ಬದುಕಿದ್ದವರ ಮೂಳೆ ಅದು, ಎರಡೂ ಕೈಯಲ್ಲಿ ಹಿಡಿಯಿರಿ. ಕೆಳದವಡೆ ಎರಡು ಮೂಳೆಗಳದ್ದು ಎಂದು ಪ್ರಾಚೀನ ವೈದ್ಯ ಗ್ಯಾಲನ್ ಬರೆದದ್ದನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ನಂಬಿದ್ದರು. ವಯಸ್ಕರಲ್ಲಿ ಅದು ಒಂದೇ ಎಂದು 1543ರಲ್ಲಿ ಖಡಾಖಂಡಿತವಾಗಿ ಬರೆದ ಇಟಲಿಯ ಪಡುವಾದಲ್ಲಿ ಅನಾಟಮಿ ಪಾಠ ಮಾಡುತ್ತಿದ್ದ ವೆಸೇಲಿಯಸ್ ಮಾಡಿದ್ದು ಇಷ್ಟೇ, ಪುಸ್ತಕ ಬದಿಗಿಟ್ಟು ದವಡೆಯನ್ನೇ ನೋಡಿದ್ದು.

ಈ ಜೋಡಿ ಪದ್ಧತಿ ಮಣಿಕಟ್ಟಿನಲ್ಲಿ ಮಾತ್ರ ಕೈಕೊಡುತ್ತದೆ. ಎಂಟು ಪುಟ್ಟ ಮೂಳೆಗಳು, ಒಂದೊಂದೂ ಹಲವು ನೆರೆಯವುಗಳಿಗೆ ತಾಗುತ್ತದೆ. ಬಿಡಿಬಿಡಿಯಾಗಿ ಕೊಟ್ಟು ಕೂಡಿಸಿ ಎಂದರೆ ಗಂಟೆ ಕಳೆದೀತು. ಅಲ್ಲಿ ನಾನೂ ತಂತಿಯಲ್ಲಿ ಪೋಣಿಸಿದ ಹಸ್ತವನ್ನೇ ತೋರಿಸುತ್ತೇನೆ, ಉರು ಹೊಡೆಯಲೂ ಹೇಳುತ್ತೇನೆ. ಎರಡನ್ನು ಮಾತ್ರ ಬೇರೆ ತೆಗೆದು ಕೈಗೆ ಕೊಡುತ್ತೇನೆ. ಟ್ರಪೀಜಿಯಮ್, ಅದರ ಜೀನಿನಾಕಾರದ ಮೈಮೇಲೆ ಹೆಬ್ಬೆರಳಿನ ಮೂಳೆ ಕೂರುವುದರಿಂದಲೇ ನಾವು ಪೆನ್ನು ಹಿಡಿಯಬಲ್ಲೆವು. ಮತ್ತೆ ಸ್ಕ್ಯಾಫಾಯ್ಡ್, ಕೈಯೂರಿ ಬಿದ್ದಾಗ ಮಣಿಕಟ್ಟಿನ ಮೂಳೆಗಳಲ್ಲಿ ಹೆಚ್ಚಾಗಿ ಮುರಿಯುವುದು ಅದು. ಅದಕ್ಕೆ ರಕ್ತ ಬಹುಪಾಲು ಬೆರಳುಗಳ ಕಡೆಯ ತುದಿಯಿಂದ ಬರುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತು ಅದು ಸಾಯಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಆ ಮುರಿತ ಕಾಣದೆಯೂ ಇರಬಹುದು. ಹೆಬ್ಬೆರಳ ಬುಡದ ಗುಳಿ ಒತ್ತಿದರೆ ನೋಯುತ್ತದೆಯೇ ಎಂದು ನೋಡುವುದನ್ನು ಅದಕ್ಕೇ ಅವತ್ತೇ, ಅವರವರ ಕೈಯ ಮೇಲೇ ಕಲಿಸಿ ಕಳಿಸುತ್ತೇನೆ.