ಮಿಡತೆಯ ನರಕೋಶ ಮತ್ತು ಉಲ್ಲೇಖಗಳ ಲೆಕ್ಕ

ಕೀಟಗಳ ನರವಿಜ್ಞಾನದಲ್ಲಿ ಎರಡು ದಶಕಗಳಿಂದ ದುಡಿಯುತ್ತಿರುವ ಸಂಶೋಧಕರೊಬ್ಬರ ಬಡ್ತಿಯ ಕಡತ ಕಳೆದ ತಿಂಗಳು ಅಭಿಪ್ರಾಯಕ್ಕಾಗಿ ನನ್ನ ಬಳಿ ಬಂದಿತ್ತು. ನಮೂನೆಯ ಮೊದಲ ಪುಟದಲ್ಲೇ ಎಚ್-ಸೂಚ್ಯಂಕವನ್ನು, ಅಂದರೆ ಒಬ್ಬರ ಪ್ರಬಂಧಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆಯನ್ನು, ನಮೂದಿಸಲು ಒಂದು ಚೌಕವಿತ್ತು. ಅವರ ಸಂಶೋಧನೆಯ ವಸ್ತು ಏನೆಂದು ಕೇಳುವ ಅಂಕಣ ನಾಲ್ಕನೆಯ ಪುಟದಲ್ಲಿತ್ತು. ಚೌಕವನ್ನು ತುಂಬಲು ಹೊರಟರೆ ಅದೇ ಹೆಸರಿಗೆ ಉಲ್ಲೇಖಗಳನ್ನು ಎಣಿಸುವ ದತ್ತಸಂಚಯಗಳಾದ ವೆಬ್ ಆಫ್ ಸೈನ್ಸ್, ಸ್ಕೋಪಸ್, ಗೂಗಲ್ ಸ್ಕಾಲರ್ ಮೂರೂ ಮೂರು ಬಗೆಯ ಅಂಕಿ ಕೊಟ್ಟವು. ಪುಸ್ತಕ, ಮಹಾಪ್ರಬಂಧ, ಇನ್ನೂ ಪರಿಶೀಲನೆಯಾಗದ ಕರಡು ಎಲ್ಲವನ್ನೂ ಎಣಿಸುವ ಗೂಗಲ್ ಸ್ಕಾಲರ್‌ನದು ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಅಂಕಿ. ಈ ಸಲವೂ ಹಾಗೆಯೇ ಆಯಿತು.

ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಸೂಚ್ಯಂಕದ ಲೆಕ್ಕ ಸರಳವಾದದ್ದು. ಒಬ್ಬರ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಜೋಡಿಸಿ ಮೇಲಿನಿಂದ ಎಣಿಸುತ್ತ ಬಂದಾಗ, ಹದಿನೈದನೆಯ ಪ್ರಬಂಧಕ್ಕೆ ಕನಿಷ್ಠ ಹದಿನೈದು ಉಲ್ಲೇಖಗಳಿದ್ದು, ಹದಿನಾರನೆಯದಕ್ಕೆ ಹದಿನಾರು ಇಲ್ಲವೆಂದಾದರೆ ಸೂಚ್ಯಂಕ 15. ಇದರ ಒಂದು ಪರಿಣಾಮವನ್ನು ಸಮಿತಿಗಳು ಬಹುಬೇಗ ಮರೆಯುತ್ತವೆ: ಒಂದು ಪ್ರಬಂಧಕ್ಕೆ ಮೂವತ್ತು ಉಲ್ಲೇಖ ಬಂದರೂ ಮೂರು ಸಾವಿರ ಬಂದರೂ, ಈ ಲೆಕ್ಕದಲ್ಲಿ ಅದರ ಪಾಲು ಒಂದೇ ಒಂದು.

ಕಡತದಲ್ಲಿದ್ದ ಕೆಲಸ ಮಿಡತೆಯ ಮೇಲಿನದು. ನನ್ನದೂ ಅದೇ ಆಗಿದ್ದರಿಂದ ಅದರ ಶ್ರಮ ನನಗೆ ಗೊತ್ತು. ಮಿಡತೆಯ ಪ್ರತಿ ಕಣ್ಣಿನ ಹಿಂದೆಯೂ, ತನ್ನತ್ತ ನುಗ್ಗಿ ಬರುವ ವಸ್ತುವಿಗೆ ಎಚ್ಚರಗೊಳ್ಳುವ ದೊಡ್ಡ ನರಕೋಶವೊಂದಿದೆ. ಅದರ ಒಂದೊಂದು ಸ್ಪೈಕ್‌ಗೂ (ಕ್ಷಣಿಕ ವಿದ್ಯುತ್ ಮಿಡಿತಕ್ಕೂ) ಒಂದೊಂದರಂತೆ ಉತ್ತರಿಸುವ ಡಿಸಿಎಮ್‌ಡಿ ಎಂಬ ಮತ್ತೊಂದು ನರಕೋಶವು ಆ ಸುದ್ದಿಯನ್ನು ಕಾಲು ಮತ್ತು ರೆಕ್ಕೆಗಳನ್ನು ನಡೆಸುವ ನರಗ್ರಂಥಿಗಳಿಗೆ ಒಯ್ಯುತ್ತದೆ. ಕತ್ತಿನ ಬಳಿ ನರಹುರಿಗೆ ಬೆಳ್ಳಿಯ ತಂತಿಯ ಕೊಕ್ಕೆಯನ್ನು ಸಿಕ್ಕಿಸಿ, ಒಣಗದಂತೆ ವ್ಯಾಸಲೀನ್ ಸವರಿ, ಪರದೆಯ ಮೇಲೆ ಕಪ್ಪು ವೃತ್ತವೊಂದನ್ನು ಹಿಗ್ಗಿಸಿದರೆ, ಧ್ವನಿವರ್ಧಕದಲ್ಲಿ ಮೊದಲು ಬಿಡಿಬಿಡಿಯಾಗಿ ಕೇಳುವ ಟಪ್ ಟಪ್ ಸದ್ದು, ವೃತ್ತ ಹತ್ತಿರವಾದಂತೆ ಹುರಿಯುವ ಬಾಣಲೆಯ ಚಟಪಟದಂತೆ ಒತ್ತೊತ್ತಾಗುತ್ತದೆ. ಆದರೆ ಅದನ್ನೇ ಕೂಡಲೇ ಮತ್ತೆ ತೋರಿಸಿದರೆ ನರಕೋಶಕ್ಕೆ ರೂಢಿಯಾಗಿ ಸದ್ದು ಕುಗ್ಗುತ್ತದೆ. ಆದ್ದರಿಂದ ಪ್ರತಿ ಸಲವೂ ನಿಮಿಷಗಟ್ಟಲೆ ಕಾಯಬೇಕು; ದಿನವಿಡೀ ಕುಳಿತರೂ ಕೈಗೆ ಸಿಗುವುದು ಒಂದೆರಡು ಮಿಡತೆಗಳ ಮಾಹಿತಿ.

ಇಂತಹ ಪ್ರಬಂಧವನ್ನು ಯಾರು ಉಲ್ಲೇಖಿಸಬೇಕು? ಮಿಡತೆಯ ನರಗಳನ್ನು ಓದುವ ಪ್ರಯೋಗಾಲಯಗಳು ಕೆಲವೇ ಕೆಲವು, ಹಣ್ಣುನೊಣದವು ಅವುಗಳ ಹಲವು ಪಟ್ಟು. 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮಾನ್ ನೊಣದಲ್ಲಿ ಬೇಕಾದ ಕೋಶಗಳಲ್ಲಷ್ಟೇ ಬೇಕಾದ ಜೀನ್ ಅನ್ನು ಚಾಲೂ ಮಾಡುವ ಗ್ಯಾಲ್4 ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಸಾವಿರಾರು ಉಲ್ಲೇಖಗಳು ಬಂದಿವೆ, ಮತ್ತು ಅವು ಅರ್ಹವಾದವೇ. ಆದರೂ ಅವುಗಳಲ್ಲಿ ಬಹುಪಾಲು ಸಾಧನವನ್ನು ಬಳಸಿದವರು ಸಲ್ಲಿಸಿದ ಋಣ. ಹೆಣ್ಣು ನೊಣವೊಂದರ ಮಿದುಳಿನ ಸುಮಾರು 1,39,000 ನರಕೋಶಗಳ ಜೋಡಣೆಯ ನಕ್ಷೆ 2024ರಲ್ಲಿ ಪ್ರಕಟವಾದ ಮೇಲೆ ಈ ಅಂತರ ಇನ್ನಷ್ಟು ಹಿಗ್ಗುವುದು ಖಚಿತ. ಕೀಟದ ಆಯ್ಕೆಯಲ್ಲೇ ಅರ್ಧ ಸೂಚ್ಯಂಕ ನಿರ್ಧಾರವಾಗಿಬಿಡುತ್ತದೆ ಎಂದು ನಾವು ತಮಾಷೆಯಾಗಿ ಹೇಳುವುದುಂಟು, ಅದರಲ್ಲಿ ತಮಾಷೆ ಹೆಚ್ಚೇನೂ ಇಲ್ಲ.

ನೊಣದ ಲೋಕದಲ್ಲೂ ಎಣಿಕೆ ಎಲ್ಲರನ್ನೂ ಕಾಯಲಿಲ್ಲ. 1971ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಕೊನೊಪ್ಕಾ ತಮ್ಮ ಗುರು ಸೀಮೋರ್ ಬೆಂಜರ್ ಜೊತೆಗೆ ಮೂರು ವಿಚಿತ್ರ ನೊಣಗಳ ವರದಿ ಪ್ರಕಟಿಸಿದರು. ಒಂದರ ದಿನಚಕ್ರ 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ಚಕ್ರವೇ ಇರಲಿಲ್ಲ. ಮೂರೂ ದೋಷಗಳು ಒಂದೇ ಜೀನ್‌ನಲ್ಲಿದ್ದವು. ವರ್ತನೆಯ ಗಡಿಯಾರಕ್ಕೆ ವಂಶವಾಹಿಯ ವಿಳಾಸ ಸಿಕ್ಕಿದ್ದು ಅಲ್ಲಿ. ಮುಂದೆ ಕ್ಯಾಲ್ಟೆಕ್‌ನಲ್ಲೇ ಅಧ್ಯಾಪಕರಾದ ಕೊನೊಪ್ಕಾ ಪ್ರಕಟಿಸಿದ್ದು ಕಡಿಮೆ. ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. ಅದೇ ಜೀನ್‌ನ ಜಾಡು ಹಿಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂದಾಗ ಕೊನೊಪ್ಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಹಿರ್ಶ್‌ರ ಲೆಕ್ಕದಲ್ಲಿ ಆ 1971ರ ಪ್ರಬಂಧದ ಬೆಲೆಯೂ ಒಂದೇ.

ಉಲ್ಲೇಖಗಳನ್ನು ಎಣಿಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ, ಅವುಗಳನ್ನು ತೆರೆದು ಓದಬೇಕು ಎನ್ನುತ್ತಿದ್ದೇನೆ. ನ್ಯೂಕ್ಯಾಸಲ್‌ನ ಕ್ಲೇರ್ ರಿಂಡ್ ಮತ್ತು ಪೀಟರ್ ಸಿಮನ್ಸ್ ಮಿಡತೆಗೆ ಬಾಹ್ಯಾಕಾಶ ಯುದ್ಧದ ಜನಪ್ರಿಯ ಚಲನಚಿತ್ರವೊಂದರ ತುಣುಕುಗಳನ್ನು ತೋರಿಸಿ ಡಿಸಿಎಮ್‌ಡಿಯನ್ನು ಅಳೆದಿದ್ದರು. 2005ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂದಾಗ ಜನ ನಕ್ಕರು. ಡಿಕ್ಕಿ ತಪ್ಪಿಸುವ ಯಂತ್ರಗಳನ್ನು ಕಟ್ಟುವ ಎಂಜಿನಿಯರುಗಳು ಆ ನರಕೋಶದ ಮೇಲಿನ ಕೆಲಸವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ನನ್ನ ಮುಂದಿದ್ದ ಕಡತದಲ್ಲೂ ಅಂತಹ ಒಂದು ಪ್ರಬಂಧವಿತ್ತು: ಉಲ್ಲೇಖಗಳು ಕಡಿಮೆ, ಆದರೆ ಅವುಗಳಲ್ಲಿ ಅರ್ಧದಷ್ಟು ರೋಬಾಟ್ ತಯಾರಿಸುವವರವು.

ಚೌಕದಲ್ಲಿ ಮೂರೂ ಅಂಕಿಗಳನ್ನು ಬರೆದು, ಪಕ್ಕದಲ್ಲಿ ದತ್ತಸಂಚಯದ ಹೆಸರು ನಮೂದಿಸಿದೆ. ಅದರ ಹಿಂದೆ ಆ ಒಂದು ಪ್ರಬಂಧದ ಬಗ್ಗೆ ಎರಡು ಪುಟದ ಟಿಪ್ಪಣಿಯನ್ನು ಪಿನ್ ಮಾಡಿ ಕಳುಹಿಸಿದೆ. ಕಚೇರಿಯಿಂದ ಬಂದ ಉತ್ತರ ಚಿಕ್ಕದು: ಚೌಕದಲ್ಲಿ ಒಂದೇ ಅಂಕಿ ಇರತಕ್ಕದ್ದು.