ಜಕ್ಕಾಯನ ಲೆಕ್ಕ

ಕಾರವಾರ
2025 ಜನವರಿ 2, ಗುರುವಾರ

ಹೊಸ ವರ್ಷದ ಸಂಕಲ್ಪ ಅಂದಕೂಡಲೇ ನಾವು ಬರೆಯುವುದೆಲ್ಲ ನಮ್ಮ ಬಗ್ಗೆಯೇ. ಬೇಗ ಏಳುತ್ತೇನೆ, ದಿನಾ ಬೈಬಲ್ ಓದುತ್ತೇನೆ, ಸಿಟ್ಟು ಕಡಿಮೆ ಮಾಡುತ್ತೇನೆ. ಎಲ್ಲ ಒಳ್ಳೆಯದೇ. ಆದರೆ ನಿನ್ನೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಮೇಲೆ ಮಗಳು ತನ್ನ ಪಟ್ಟಿ ತೋರಿಸಿದಳು. ಆಗಿನಿಂದ ನನಗೆ ಜಕ್ಕಾಯನದೇ ಯೋಚನೆ.

ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುತ್ತಾನಲ್ಲ, ಅವನು. ಜೆರಿಕೊದ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಕುಳ್ಳ. ಯೇಸುವನ್ನು ನೋಡಲು ಅತ್ತಿಮರ ಹತ್ತಿದ್ದು ಎಲ್ಲರಿಗೂ ಗೊತ್ತು. ಅವನ ಸಂಕಲ್ಪ ನೆನಪಿರುವುದು ಕಡಿಮೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕು ಪಟ್ಟು ವಾಪಸ್. ಇನ್ನು ಮೇಲೆ ಒಳ್ಳೆಯವನಾಗುತ್ತೇನೆ ಅಂತ ಸುಮ್ನೆ ಹೇಳಲಿಲ್ಲ ಅವನು. ಎದ್ದು ನಿಂತು, ಯಾರಿಗೆ ಎಷ್ಟು ಅಂತ ಲೆಕ್ಕ ಒಪ್ಪಿಸಿದ.

ಮೊದಲು ಎಲ್ಲ ತೀರಿಸು, ಆಮೇಲೆ ಬರುತ್ತೇನೆ ಅಂತ ಯೇಸುವೂ ಹೇಳಲಿಲ್ಲ. ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂತ ತಾನಾಗಿ ಕೇಳಿ ಬಂದ. ಪಾಪಿಯ ಮನೆಗೆ ಹೋದನಲ್ಲ ಅಂತ ಊರವರು ಗೊಣಗಿದರು. ಸಂಕಲ್ಪ ಹುಟ್ಟಿದ್ದು ಆಮೇಲೆ. ನನಗೆ ತುಂಬಾ ಸಮಾಧಾನ ಕೊಡುವ ವಿಷಯ ಇದು. ದೇವರು ನನ್ನನ್ನು ಒಪ್ಪಿಕೊಳ್ಳಲಿ ಅಂತ ಪಟ್ಟಿ ಬರೆಯಬೇಕಾಗಿಲ್ಲ. ಅವನು ಬಂದಾಗಿದೆ. ಈಗ ಯಾರಿಗೆ ಏನು ಕೊಡಬೇಕು ಅಂತ ನೋಡಬೇಕು.

ಅಮೆರಿಕದಲ್ಲಿ ಜೋನಾಥನ್ ಎಡ್ವರ್ಡ್ಸ್ ಅಂತ ಒಬ್ಬ ಪ್ರೊಟೆಸ್ಟಂಟ್ ಬೋಧಕರಿದ್ದರು. ಇಪ್ಪತ್ತು ತುಂಬುವ ಮೊದಲೇ, 1722–23ರಲ್ಲಿ, 70 ಸಂಕಲ್ಪ ಬರೆದಿಟ್ಟರು. ದೇವರ ಸಹಾಯ ಇಲ್ಲದೆ ನನ್ನಿಂದ ಏನೂ ಆಗದು ಅಂತಲೇ ಶುರು ಮಾಡಿದ್ದಾರೆ. ವಾರಕ್ಕೊಮ್ಮೆ ಇದನ್ನೆಲ್ಲ ಓದಬೇಕು ಅಂತಲೂ ಬರೆದುಕೊಂಡಿದ್ದಾರೆ. ಅಷ್ಟು ಶ್ರದ್ಧೆ. ಅದೇ ಮನುಷ್ಯ 1731ರಲ್ಲಿ ಒಬ್ಬ ಹುಡುಗಿಯನ್ನು ದುಡ್ಡು ಕೊಟ್ಟು ಗುಲಾಮಳಾಗಿ ಕೊಂಡರು. ಇದನ್ನು ಓದಿದಾಗ ಎದೆ ಧಸಕ್ಕೆಂದಿತ್ತು. ತನ್ನ ಮನಸ್ಸನ್ನು ಅಷ್ಟು ಶೋಧಿಸಿದವರಿಗೆ ಕಣ್ಣೆದುರಿನ ಹುಡುಗಿ ಕಾಣಲಿಲ್ಲ. ನಮ್ಮ ಪಟ್ಟಿಯಲ್ಲೂ ಹೀಗೆ ಯಾರೋ ಒಬ್ಬರು ಬಿಟ್ಟುಹೋಗಿರುತ್ತಾರೆ, ಅಲ್ವಾ?

ಮಗಳಿಗೆ ಇಷ್ಟನ್ನೇ ಹೇಳಿದೆ. ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತ ಕೂತಳು. "ಹಂಗಾದ್ರೆ ಅಜ್ಜಿ ಹೆಸರು ಬರೀಲಾ ಪಪ್ಪಾ?" ಅಂದಳು. ಅಮ್ಮನಿಗೆ ಮೊಣಕಾಲು ನೋವು, ಇಗರ್ಜಿಯ ಮೆಟ್ಟಿಲು ಹತ್ತಲು ಆಗುವುದಿಲ್ಲ. ಕಣ್ಣೂ ಮಂಜು. ರಾತ್ರಿ ಊಟಕ್ಕೆ ಮೊದಲು ಆ ದಿನದ ಶುಭಸಂದೇಶವನ್ನು ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದುವುದು ಅಂತಾಯಿತು. ನಿನ್ನೆಯೇ ಶುರು. ಕುರುಬರು ಗೋದಲಿಯಲ್ಲಿ ಮಗು ಯೇಸುವನ್ನು ಕಂಡ ಭಾಗ. ಅಮ್ಮ ನಡುವೆ ತಡೆದು, ಅದನ್ನೇ ಇನ್ನೊಂದು ಸಲ ಓದಿಸಿದರು.

2025 ಕ್ಯಾಥೊಲಿಕರಿಗೆ ಜೂಬಿಲಿ, ಅಂದರೆ ಪವಿತ್ರ ವರ್ಷ ಬೇರೆ. ಅದರ ಆರಂಭಕ್ಕೆ 2024ರ ಡಿಸೆಂಬರ್ 24ರಂದು ಆಗಿನ ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಪವಿತ್ರ ದ್ವಾರ ತೆರೆದರು. ಜೂಬಿಲಿಯ ಬೇರು ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 25ನೇ ಅಧ್ಯಾಯದಲ್ಲಿದೆ. ಐವತ್ತನೇ ವರ್ಷ ಬಂದಾಗ ಮಾರಿದ ಹೊಲ ಮೊದಲಿನವರಿಗೆ ವಾಪಸ್, ಬಡತನಕ್ಕೆ ತನ್ನನ್ನೇ ಮಾರಿಕೊಂಡವನಿಗೆ ಬಿಡುಗಡೆ. ಅಲ್ಲಿಯೂ ಕೊಡುವ ಲೆಕ್ಕವೇ.

ನನ್ನ ಸಂಕಲ್ಪ ಒಂದೇ. ಬುಟ್ಟಿ ಹೊತ್ತು ಮನೆಗೆ ಮೀನು ತರುವ ಅಕ್ಕನಿಗೆ ಆಯಾ ದಿನದ ದುಡ್ಡು ಅಂದೇ ಕೊಡುವುದು. ನಮ್ಮ ಕೇರಿಯಲ್ಲಿ ತಿಂಗಳ ಕೊನೆಗೆ ಕೊಡುವುದೇ ರೂಢಿ. ಅವರೂ ಏನೂ ಹೇಳುವುದಿಲ್ಲ. ಆದರೆ ಬೈತಖೋಲ ಬಂದರಿನಲ್ಲಿ ಹರಾಜಿಗೆ ನಿಲ್ಲಬೇಕಾದರೆ ಕೈಯಲ್ಲಿ ನಗದು ಇರಬೇಕು. ಇಲ್ಲದಿದ್ದರೆ ಬಡ್ಡಿಗೆ ತರಬೇಕು. ನಾವು ತಿಂದ ಬಂಗಡೆಗೆ ಬಡ್ಡಿ ಕಟ್ಟುವವರು ಅವರು. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಅಂತ ಅದೇ ಯಾಜಕಕಾಂಡದ 19ನೇ ಅಧ್ಯಾಯ ಹೇಳುತ್ತದೆ.

ಒಂದೇ ಸಂಕಲ್ಪ ಯಾಕೆಂದರೆ, ಜೆಸ್ವಿಟ್ ಗುರುಗಳ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲ ಕಲಿಸಿದ ರೀತಿ ಅದು. ಒಂದು ಸಲಕ್ಕೆ ಒಂದನ್ನೇ ಹಿಡಿಯಬೇಕು. ಬೆಳಿಗ್ಗೆ ಎದ್ದಾಗ ನೆನಪು ಮಾಡಿಕೊಳ್ಳಬೇಕು. ಮಧ್ಯಾಹ್ನ ಊಟದ ಮೇಲೆ, ಮತ್ತೆ ರಾತ್ರಿ ಊಟದ ಮೇಲೆ ಲೆಕ್ಕ ನೋಡಬೇಕು. ವಾರದ ಏಳು ದಿನಕ್ಕೆ ಗೆರೆ ಎಳೆದು, ತಪ್ಪಿದಷ್ಟು ಚುಕ್ಕೆ ಇಡಬೇಕು. ಈ ವಾರದ್ದನ್ನು ಹೋದ ವಾರದ ಜೊತೆ ಹೋಲಿಸಬೇಕು. ಸೈನಿಕನಾಗಿದ್ದವರು, ಅದಕ್ಕೇ ಇಷ್ಟು ಶಿಸ್ತು ಅನಿಸುತ್ತದೆ. ನನಗಂತೂ ದೊಡ್ಡ ದೊಡ್ಡ ಮಾತಿಗಿಂತ ಈ ಗೆರೆ, ಚುಕ್ಕೆಗಳ ಮೇಲೆ ನಂಬಿಕೆ ಜಾಸ್ತಿ.

ಇವತ್ತು ಬೆಳಿಗ್ಗೆ ಹಳೆ ಬಾಕಿಯನ್ನೂ ಸೇರಿಸಿ ಕೊಟ್ಟೆ. ಅಕ್ಕ ಗಾಬರಿಯಾದರು. "ನಾಳೆಯಿಂದ ಬರೂದು ಬೇಡ್ವಾ?" ಅಂದರು. ಬರಬೇಕು, ಇನ್ನು ದಿನದ್ದು ದಿನಾ ಕೊಡುತ್ತೇವೆ ಅಂತ ಬಿಡಿಸಿ ಹೇಳಿದ ಮೇಲೆ ಬುಟ್ಟಿ ಎತ್ತಿಕೊಂಡರು. ಸಂಜೆ ಪೇಟೆಗೆ ಹೋಗಿ ಹತ್ತು, ಇಪ್ಪತ್ತರ ನೋಟು ಮಾಡಿಸಿಕೊಂಡು ಬಂದಿದ್ದೇನೆ. ದಿನಾ ಕೊಡುವುದಾದರೆ ಚಿಲ್ಲರೆ ಇರಬೇಕು.